ಚೀನೀ ಲವ್ ಡ್ರಾಮಾ: ಏನೂ ನಡೆಯಲ್ಲ, ಆದರೂ ಬಿಡೋಕಾಗಲ್ಲ ಯಾಕೆ?

ಪ್ರಶ್ನೆ: ತಂಗಿ ಹೇಳಿದಳು ಅಂತ ಒಂದು ಚೀನೀ ಲವ್ ಡ್ರಾಮಾ ಶುರು ಮಾಡಿದೆ. ಹತ್ತು ಎಪಿಸೋಡ್ ಆಯ್ತು, ಇಬ್ಬರೂ ಇನ್ನೂ ಕೈ ಕೂಡ ಹಿಡಿದಿಲ್ಲ. ಆದರೂ ರಾತ್ರಿ ಒಂದು ಗಂಟೆವರೆಗೆ ನೋಡುತ್ತಾ ಕೂತಿರುತ್ತೇನೆ. ಇದರಲ್ಲಿ ಅಂಥದ್ದೇನಿದೆ?

ಕೈ ಹಿಡಿದಿಲ್ಲ ಅಂದಿರಲ್ಲ, ಹಿಡಿತ ಇರೋದು ಅಲ್ಲೇ. ಕೊನೆಗೆ ಇವರಿಬ್ಬರೂ ಒಂದಾಗುತ್ತಾರೆ ಅಂತ ನಮಗೆ ಮೊದಲ ದಿನವೇ ಗೊತ್ತು. ದೇವತೆ, ಶಾಪ, ಮೂರು ಜನ್ಮ ಅಂತ ಹೋಗುವ ಡ್ರಾಮಾಗಳ ಮಾತು ಬೇರೆ, ಅವು ಅಳಿಸುತ್ತವೆ. ಇವತ್ತಿನ ಕಾಲದ ಕಥೆಗಳಲ್ಲಿ ಆ ಭಯ ಕಡಿಮೆ. ಹಾಗಾಗಿ 'ಮುಂದೇನು' ಅನ್ನೋ ಚಿಂತೆ ಬಿಟ್ಟು ಕಣ್ಣು ಸಣ್ಣಪುಟ್ಟದ್ದರ ಮೇಲೆ ಕೂರುತ್ತದೆ. ಯಾರು ಯಾರ ಬಟ್ಟಲಿಗೆ ಏನು ಹಾಕಿದರು, ಮಳೆಯಲ್ಲಿ ಛತ್ರಿ ಯಾರ ಕಡೆ ಜಾಸ್ತಿ ವಾಲಿತು, ಇಂಥವು.

ಇವರ ಮಾತನ್ನೂ ಗಮನಿಸಿ. ನೇರವಾಗಿ ಪ್ರೀತಿಸುತ್ತೇನೆ ಅನ್ನುವ 'ವೋ ಆಯ್ ನಿ' ತುಂಬಾ ತೂಕದ ಮಾತು, ಸುಲಭಕ್ಕೆ ಬಾಯಿಗೆ ಬರುವುದಿಲ್ಲ. ಹೆಚ್ಚಾಗಿ ಕೇಳಿಸುವುದು 'ವೋ ಶಿಹ್ವಾನ್ ನಿ', ಅಂದರೆ 'ನೀನಂದ್ರೆ ನಂಗಿಷ್ಟ'. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? 'ಊಟ ಆಯ್ತಾ?' ಅನ್ನೋದರಲ್ಲೇ ಎಷ್ಟೋ ಮುಗಿದುಹೋಗುತ್ತದೆ. ಅವರಲ್ಲೂ ಅದೇ ಪ್ರಶ್ನೆ ಇದೆ: 'ಚಿ ಫಾನ್ ಲ ಮಾ?' ಅದಕ್ಕೇ ಇಂಗ್ಲಿಷ್ ಡಬ್ಬಿಂಗ್ ಬಿಟ್ಟು ಮೂಲ ಧ್ವನಿಯಲ್ಲಿ, ಸಬ್‌ಟೈಟಲ್ ಹಾಕಿಕೊಂಡು ನೋಡಿ. (ತಮಾಷೆ ಅಂದರೆ ಆ ಚೀನೀ ಧ್ವನಿಯೂ ಎಷ್ಟೋ ಸಲ ನಟರದ್ದಲ್ಲ, ಡಬ್ಬಿಂಗ್ ಕಲಾವಿದರದ್ದು.)

ಈ ನಿಧಾನದ ರುಚಿ ನನಗೆ ಹತ್ತಿದ್ದು 2023ರ 'ಮೀಟ್ ಯುವರ್‌ಸೆಲ್ಫ್'ನಿಂದ. ಚೀನೀ ಹೆಸರಿನ ಅರ್ಥ ಇನ್ನೂ ಚೆಂದ: ಗಾಳಿ ಬೀಸುವ ಜಾಗಕ್ಕೆ ಹೋಗೋಣ. ಬೀಜಿಂಗ್‌ನ ಹೋಟೆಲ್‌ನಲ್ಲಿ ಕೆಲಸ ಮಾಡುವ ಹುಡುಗಿ. ಜೀವದ ಗೆಳತಿ ಕ್ಯಾನ್ಸರ್‌ನಿಂದ ತೀರಿಕೊಳ್ಳುತ್ತಾಳೆ. ಇವಳು ಕೆಲಸ ಬಿಟ್ಟು, ಇಬ್ಬರೂ ಹೋಗಬೇಕು ಅಂದುಕೊಂಡಿದ್ದ ಯುನ್ನಾನ್ ಪ್ರಾಂತ್ಯದ ದಾಲಿಗೆ ಒಬ್ಬಳೇ ಹೋಗುತ್ತಾಳೆ. ಅಲ್ಲಿ ಬೀಜಿಂಗ್ ಬಿಟ್ಟು ಊರಿಗೆ ವಾಪಸ್ ಬಂದ ಹುಡುಗನೊಬ್ಬ ಹಳ್ಳಿಯವರ ಕಸೂತಿ, ಮರದ ಕೆತ್ತನೆಗೆ ದಾರಿ ಹುಡುಕುತ್ತಿರುತ್ತಾನೆ. ವಿಲನ್ ಅಂತ ಯಾರೂ ಇಲ್ಲ. ನಾಯಕಿ ಲಿಯು ಯಿಫೇ ಸುಮ್ನೆ ಜಗಲಿಯಲ್ಲಿ ಕೂತಿದ್ದರೂ ನೋಡಬಹುದು. ಡ್ರಾಮಾ ನೋಡಿದ ಜನ ನಿಜವಾದ ದಾಲಿಗೇ ಮುಗಿಬಿದ್ದರು.

ಅದು 40 ಎಪಿಸೋಡಿಗೆ ಮುಗಿಯಿತು. ಚೀನಾದಲ್ಲಿ ಸಾಮಾನ್ಯವಾಗಿ ಇಡೀ ಸರಣಿ ಶೂಟ್ ಆಗಿ, ಸರ್ಕಾರದ ಒಪ್ಪಿಗೆ ಸಿಕ್ಕ ಮೇಲೇ ಪ್ರಸಾರ. ಟಿಆರ್‌ಪಿ ನೋಡಿಕೊಂಡು ವರ್ಷಗಟ್ಟಲೆ ಎಳೆಯುವ ನಮ್ಮ ಮೆಗಾ ಧಾರಾವಾಹಿಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹಾಗಂತ ಎಳೆಯುವುದೇ ಇಲ್ಲ ಅಂತಲ್ಲ. ಅದಕ್ಕೆ ಅವರ ಮಾತು 'ನೀರು ಬೆರೆಸುವುದು'. ಅದು ಜಾಸ್ತಿಯಾಗಿ, 40 ಎಪಿಸೋಡ್ ದಾಟಬೇಡಿ ಅಂತ 2020ರಲ್ಲಿ ಸರ್ಕಾರವೇ ಸೂಚನೆ ಕೊಟ್ಟಿತು. ಈಗಲೂ ಎಷ್ಟೋ ಡ್ರಾಮಾಗಳು ಕೊನೆಯ ಐದಾರು ಎಪಿಸೋಡಲ್ಲಿ ಸೊರಗುತ್ತವೆ. ಬೇಕಿಲ್ಲದ ಒಂದು ತಪ್ಪು ತಿಳುವಳಿಕೆ, ಒಂದು ವಿದೇಶ ಪ್ರಯಾಣ. ನಾಯಕಿ ಹಾಲಿನ ಪ್ಯಾಕೆಟ್ಟಿನ ಹೆಸರು ಕ್ಯಾಮೆರಾ ಕಡೆ ತಿರುಗಿಸಿ ಕುಡಿದರೆ ಅದು ಜಾಹೀರಾತು, ಕಥೆಯ ಸುಳಿವು ಅಂತ ತಲೆಕೆಡಿಸಿಕೊಳ್ಳಬೇಡಿ.

ಇನ್ನೊಂದು, ಹೊಟ್ಟೆ ತುಂಬಿಸಿಕೊಂಡೇ ಕೂತ್ಕೊಳ್ಳಿ. ರಾತ್ರಿ ಒಂದು ಗಂಟೆಗೆ ಅವರು ಹಾಟ್‌ಪಾಟ್ (ಮೇಜಿನ ಮೇಲೇ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಊಟ) ಮುಂದೆ ಕೂತರೆ ತಡೆಯೋದು ಕಷ್ಟ.