ಬ್ಯಾಕ್ಟೀರಿಯಾದೊಳಗೂ ಕೋಣೆಗಳಿವೆಯಾ?

ಪ್ರಶ್ನೆ: ಬ್ಯಾಕ್ಟೀರಿಯಾ ಕೋಶದೊಳಗೆ ಕೋಣೆಗಳೇ ಇಲ್ಲ, ಎಲ್ಲಾ ಒಟ್ಟಿಗೆ ಕಲೆತಿರುತ್ತೆ ಅಂತ ಶಾಲೆಯಲ್ಲಿ ಓದಿದ್ದೆವು. ಈಗ ಪ್ರೋಟೀನಿನ ಕೋಣೆಗಳಿವೆ ಅಂತಾರೆ. ಯಾವುದು ಸರಿ?

ಉತ್ತರ: ಶಾಲೆಯ ಪಾಠ ಪೂರ್ತಿ ತಪ್ಪಲ್ಲ. ನಮ್ಮ ಮೈಟೊಕಾಂಡ್ರಿಯದ ಹಾಗೆ ಕೊಬ್ಬಿನ ಪೊರೆ ಸುತ್ತಿಕೊಂಡ ಕೋಣೆಗಳು ಹೆಚ್ಚಿನ ಬ್ಯಾಕ್ಟೀರಿಯಾಗಳಲ್ಲಿ ಇಲ್ಲ. ಆದರೆ ಬರೀ ಪ್ರೋಟೀನಿನ ಗೋಡೆ ಇರುವ ಪುಟ್ಟ ಕೋಣೆಗಳು ಬಹಳಷ್ಟು ಬ್ಯಾಕ್ಟೀರಿಯಾಗಳಲ್ಲಿವೆ.

ಮೊದಲು ಕಣ್ಣಿಗೆ ಬಿದ್ದದ್ದು ಕಾರ್ಬಾಕ್ಸಿಸೋಮ್. 1956ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾದೊಳಗೆ ಹಲವು ಮುಖಗಳ ಕಣಗಳು ಕಂಡವು. ನೋಡಲು ಥೇಟ್ ವೈರಸ್! 1973ರಲ್ಲಿ ಇಂಥ ಕಣಗಳನ್ನು ಇನ್ನೊಂದು ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿ ನೋಡಿದಾಗ ಒಳಗೆ ಸಿಕ್ಕಿದ್ದು ರುಬಿಸ್ಕೋ. ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ ಸಕ್ಕರೆ ಮಾಡುವ ಕೆಲಸ ಶುರುವಾಗುವುದೇ ಈ ಕಿಣ್ವದಿಂದ.

ರುಬಿಸ್ಕೋ ತುಂಬಾ ನಿಧಾನ. ಅದರ ಮೇಲೆ, ಎಷ್ಟೋ ಸಲ ಕಾರ್ಬನ್ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತೆ. ಹಾಗಾಗಿ ಅದರ ಸುತ್ತ ಕಾರ್ಬನ್ ಡೈಆಕ್ಸೈಡ್ ದಟ್ಟವಾಗಿರಬೇಕು. ಅದಕ್ಕೇ ಈ ಗೋಡೆ.

ಗೋಡೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆರು ಪ್ರೋಟೀನುಗಳು ಸೇರಿ ಒಂದು ಷಟ್ಕೋನದ ಬಿಲ್ಲೆ. ಬಿಲ್ಲೆಗಳು ನೆಲದ ಟೈಲ್ಸ್‌ನಂತೆ ಒಂದಕ್ಕೊಂದು ಅಂಟಿ ಕೂರುತ್ತವೆ. ಬರೀ ಷಟ್ಕೋನಗಳಿದ್ದರೆ ಗೋಡೆ ಚಪ್ಪಟೆಯಾಗೇ ಉಳಿಯುತ್ತಿತ್ತು, ಅಲ್ವಾ? 12 ಮೂಲೆಗಳಲ್ಲಿ ಪಂಚಕೋನದ ಬಿಲ್ಲೆಗಳು ಸೇರಿದಾಗಲೇ ಅದು ಬಾಗಿ ಮುಚ್ಚಿಕೊಳ್ಳುವುದು. ಕೋಣೆಯ ಅಗಲ ಸುಮಾರು 100 ನ್ಯಾನೊಮೀಟರ್, ಕೆಲವು ಇನ್ನೂ ದೊಡ್ಡವು.

ಪ್ರತಿ ಷಟ್ಕೋನದ ನಡುವೆ ಒಂದು ಸಣ್ಣ ತೂತಿದೆ. ನನ್ನ ಪ್ರಕಾರ ಇಡೀ ಏರ್ಪಾಟಿನ ಜೀವಾಳವೇ ಅದು. ತೂತಿನ ಅಂಚಿನಲ್ಲಿ ಧನ ವಿದ್ಯುದಂಶ ಇರುವುದರಿಂದ ಋಣ ವಿದ್ಯುದಂಶದ ಬೈಕಾರ್ಬೊನೇಟ್ (ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ತಾಳುವ ರೂಪ) ಸಲೀಸಾಗಿ ಒಳಗೆ ಬರುತ್ತೆ. ಅಲ್ಲಿ ಇನ್ನೊಂದು ಕಿಣ್ವ ಅದನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತೆ. ಅದು ಸೋರಿಹೋಗುವ ಮೊದಲೇ ರುಬಿಸ್ಕೋ ಹಿಡಿದುಕೊಳ್ಳುತ್ತೆ.

ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಲ್ಲಿ ಗೋಡೆಯ ಕೆಲಸವೇ ಬೇರೆ. ಈ ಬ್ಯಾಕ್ಟೀರಿಯಾ ಪ್ರೊಪೇನ್‌ಡೈಆಲ್ ಎಂಬ ರಾಸಾಯನಿಕ ತಿನ್ನುವಾಗ ನಡುವೆ ವಿಷದ ಆಲ್ಡಿಹೈಡ್ ಹುಟ್ಟುತ್ತೆ. ಕೋಣೆ ಅದನ್ನು ಒಳಗೇ ತಡೆದಿಡುತ್ತೆ. ಗೋಡೆ ಕೆಟ್ಟ ಸಾಲ್ಮೊನೆಲ್ಲಾ ಅದೇ ವಿಷಕ್ಕೆ ಸಿಕ್ಕಿ ಬೆಳವಣಿಗೆ ನಿಲ್ಲಿಸುತ್ತೆ. ಇವಕ್ಕಿಂತ ಪುಟ್ಟ ಪ್ರೋಟೀನ್ ಕೋಣೆಗಳು ಎನ್‌ಕ್ಯಾಪ್ಸುಲಿನ್‌ಗಳು, ಕೆಲವು ಬರೀ 24 ನ್ಯಾನೊಮೀಟರ್. ಹಲವು ಬ್ಯಾಕ್ಟೀರಿಯಾಗಳಲ್ಲಿ ಅವು ಕಬ್ಬಿಣ ಕೂಡಿಡುತ್ತವೆ.

ಇದೆಲ್ಲ ಸುಮ್ನೆ ಕುತೂಹಲಕ್ಕಲ್ಲ. ಗಿಡಗಳ ರುಬಿಸ್ಕೋಗೂ ಇದೇ ತೊಂದರೆ, ಅಲ್ಲೂ ಇಂಥ ಕೋಣೆ ನೆರವಾಗಬಹುದು ಎಂಬ ಆಸೆ. 2018ರಲ್ಲಿ ವಿಜ್ಞಾನಿಗಳು ತಂಬಾಕು ಗಿಡದ ಹಸಿರು ಕಣಗಳೊಳಗೆ ಸರಳವಾದ ಕಾರ್ಬಾಕ್ಸಿಸೋಮ್ ಕಟ್ಟಿದರು. ಗಿಡ ಬೆಳೆಯಿತು. ಆದರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರುವ ಗಾಳಿ ಕೊಡಬೇಕಾಯಿತು. ಕೋಣೆಯೊಂದೇ ಸಾಲದು. ಬೈಕಾರ್ಬೊನೇಟ್ ತುಂಬಿಸುವ ಪಂಪುಗಳನ್ನೂ ಗಿಡಕ್ಕೆ ಸೇರಿಸಬೇಕು, ಆ ಕೆಲಸ ಇನ್ನೂ ನಡೆಯುತ್ತಿದೆ.