ಗುಡ್ಡಕ್ಕೆ ಗಿಡ ಬೇಕಾ, ಹುಲ್ಲು ಬೇಕಾ? ದುರ್ಗದ ಹುಲ್ಲುಗಾವಲಿನ ಜಗಳದ ಹಿಂದಿರೋ ಕತೆ

ಜೂನ್ 5ರ ವಿಶ್ವ ಪರಿಸರ ದಿನ ಹತ್ರ ಬಂತು ಅಂದ್ರೆ ಚಿತ್ರದುರ್ಗದಲ್ಲಿ ಪರಿಸರದ ಕೆಲಸ ಮಾಡೋರ ನಡುವೆ ಪ್ರತಿ ವರ್ಷ ಅದೇ ಜಗಳ. ಒಬ್ರು ನರ್ಸರಿಯಿಂದ ಸಸಿ ತರೋಣ, ಶಾಲೆ ಮಕ್ಕಳನ್ನ ಕರೆಸೋಣ, ಬೋಳು ಗುಡ್ಡ ಹಸಿರು ಮಾಡೋಣ ಅಂತಾರೆ. ಇನ್ನೊಬ್ರು ದಯವಿಟ್ಟು ಅಲ್ಲಿ ಗುಂಡಿ ತೆಗೀಬೇಡಿ, ಅದು ಬೋಳಲ್ಲ, ಹುಲ್ಲುಗಾವಲು ಅಂತಾರೆ. ಹೊಸದಾಗಿ ಭಾನುವಾರದ ಶ್ರಮದಾನಕ್ಕೆ ಬರೋ ಹುಡುಗರಿಗೆ ತಲೆ ಕೆಡುತ್ತೆ, ಇಬ್ರೂ ಪರಿಸರ ಉಳಿಸ್ತೀವಿ ಅಂತಾರಲ್ಲ, ಮತ್ತೆ ಯಾಕೆ ಕಿತ್ತಾಡ್ತಾರೆ ಅಂತ. ಈ ಜಗಳ ನಿನ್ನೆ ಮೊನ್ನೇದಲ್ಲ, ಅದಕ್ಕೇ ಸ್ವಲ್ಪ ಹಿಂದಿನಿಂದ ಬರೀತಿದೀನಿ.

ಮೊದಲು ನೆಲದ ವಿಷಯ. ದುರ್ಗದಲ್ಲಿ ವರ್ಷಕ್ಕೆ ಬೀಳೋ ಮಳೆ 600 ಮಿಲಿಮೀಟರ್ ಆಸುಪಾಸು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಇನ್ನೂ ಕಮ್ಮಿ. ಗುಡ್ಡದ ಮೇಲೆ ಮಣ್ಣು ಗೇಣುದ್ದನೂ ಇರಲ್ಲ, ಕೆಳಗೆ ಬಂಡೆ. ಇಂಥ ಕಡೆ ಸಾವಿರಾರು ವರ್ಷದಿಂದ ನಿಂತಿರೋದು ಹುಲ್ಲು, ಮಧ್ಯೆ ಮಧ್ಯೆ ಒಂದು ಎಲಚಿ, ಒಂದು ಕಮರ, ತಂಗಡಿ ಪೊದೆ. ಮಾರ್ಚ್ ತಿಂಗಳಲ್ಲಿ ನೋಡಿದ್ರೆ ಎಲ್ಲ ಸತ್ತೋಗಿದೆ ಅನ್ಸುತ್ತೆ, ಆದ್ರೆ ಬುಡ ಬದುಕಿರುತ್ತೆ, ಮುಂಗಾರಿನ ಎರಡು ಹದ ಮಳೆ ಬಿದ್ರೆ ವಾರದಲ್ಲಿ ಚಿಗುರುತ್ತೆ. ಅದನ್ನ ನಂಬ್ಕೊಂಡು ಕೃಷ್ಣಮೃಗ, ತೋಳ, ನರಿ, ಗೌಜಲು, ನೆಲದಲ್ಲೇ ಮೊಟ್ಟೆ ಇಡೋ ನೆಲಗುಬ್ಬಿ ಎಲ್ಲ ಇವೆ. ಮರದ ನೆರಳು ಬಿದ್ರೆ ಈ ಹುಲ್ಲು ಬರಲ್ಲ. ಇಡೀ ಜಗಳದ ಬೇರು ಇರೋದು ಇಷ್ಟರಲ್ಲೇ.

ಹಿಂದಿನವರಿಗೆ ಇದು ಗೊತ್ತಿತ್ತು. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಶುರುವಾದ ದನದ ಇಲಾಖೆ ಹೈದರ್ ಕೈಯಲ್ಲಿ ಬೆಳೆದು ಟಿಪ್ಪು ಕಾಲಕ್ಕೆ ಅಮೃತಮಹಲ್ ಆಯ್ತು. ಫಿರಂಗಿ ಎಳೆಯೋ ಎತ್ತುಗಳಿಗೆ ಅಂತ ರಾಜ್ಯದ ತುಂಬ ಕಾವಲು, ಅಂದ್ರೆ ದನ ಮೇಯೋಕೆ ಮೀಸಲಿಟ್ಟ ಹುಲ್ಲುಗಾವಲು ಬಿಟ್ರು, ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು. ದನ ಒಂದು ಕಡೆ ಮೇಯ್ತಿದ್ರೆ ಇನ್ನೊಂದು ಕಡೆ ಹುಲ್ಲು ಬೀಜ ಕಟ್ಟಿ ಉದುರಿಸೋಕೆ ಟೈಮ್ ಸಿಗ್ತಿತ್ತು. ಆಮೇಲೆ ಬ್ರಿಟಿಷರು, 1860ರಲ್ಲಿ ಖರ್ಚು ಜಾಸ್ತಿ ಅಂತ ಮುಚ್ಚಿ ದನ ಮಾರಿದ್ರು, ಎತ್ತು ಸಿಗ್ದೆ ಪರದಾಡಿ 1866ರಲ್ಲಿ ಮತ್ತೆ ಶುರು ಮಾಡಿದ್ರು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ಮೀರಿದ್ದ ಕಾವಲುಗಳು ಸ್ವಾತಂತ್ರ್ಯ ಬಂದ್ಮೇಲೆ ದರಖಾಸ್ತು, ಬಗರ್ ಹುಕುಂ, ಕಾಲೋನಿ, ಕಾಲೇಜು, ಕಚೇರಿ ಅಂತ ಕರಗ್ತಾ ಬಂದ್ವು. ಹಳ್ಳಿ ಗೋಮಾಳದ್ದೂ ಅದೇ ಕತೆ, ನೂರು ದನಕ್ಕೆ 30 ಎಕರೆ ಬಿಡ್ಬೇಕು ಅಂತ ನಿಯಮ ಈಗಲೂ ಪುಸ್ತಕದಲ್ಲಿದೆ. ಅತ್ತ ದಾವಣಗೆರೆ ಕಡೆ ಭದ್ರಾ ಕಾಲುವೆ ಬಂದು ಬಯಲೆಲ್ಲ ಭತ್ತ, ಅಡಿಕೆ ಆಯ್ತು, ಒಣ ಬಯಲು ಅಂತ ಉಳಿದಿದ್ದು ಹೆಚ್ಚಾಗಿ ಜಗಳೂರು ಕಡೆ.

ನನ್ನ ಪ್ರಕಾರ ದೊಡ್ಡ ಏಟು ಬಿದ್ದಿದ್ದು ಕಾಗದದ ಮೇಲೆ. ಕಂದಾಯ ಬರದ ಜಮೀನನ್ನೆಲ್ಲ ಬಂಜರು ಅಂತ ಬರ್ಕೊಳ್ಳೋದು ಬ್ರಿಟಿಷರ ಕಾಲದ ರೂಢಿ, ಅದೇ ಮುಂದುವರೀತು. 1985ರಲ್ಲಿ ಪಾಳುಭೂಮಿ ಅಭಿವೃದ್ಧಿಗೆ ಅಂತಲೇ ರಾಷ್ಟ್ರೀಯ ಮಂಡಳಿ ಆಯ್ತು, ಆಮೇಲೆ ಉಪಗ್ರಹದ ಫೋಟೋ ಇಟ್ಕೊಂಡು ಪಾಳುಭೂಮಿ ನಕ್ಷೆನೂ ಬಂತು, ಅದರಲ್ಲೂ ಕುರಿ ಮೇಯೋ ಎಷ್ಟೋ ಬಯಲು ಪಾಳು ಅಂತಲೇ ಬಣ್ಣ ಪಡ್ಕೊಂಡ್ವು. ಪಾಳು ಅಂದ್ಮೇಲೆ ಏನಾದ್ರೂ ಮಾಡ್ಲೇಬೇಕಲ್ಲ? 80ರ ದಶಕದ ಸಾಮಾಜಿಕ ಅರಣ್ಯ, ಅಂದ್ರೆ ಊರ ಬಳಕೆಗೆ ಮರ ಬೆಳೆಸೋ ಯೋಜನೆಯಲ್ಲಿ ನೀಲಗಿರಿ ಬಂತು. ಪಕ್ಕದ ರಾಣೆಬೆನ್ನೂರಲ್ಲಿ 1974ರಲ್ಲೇ ಕೃಷ್ಣಮೃಗಕ್ಕೆ ಅಂತ ಅಭಯಾರಣ್ಯ ಮಾಡಿದ್ರು, ಅದರೊಳಗೂ ನೀಲಗಿರಿ ತೋಪು ಎದ್ದು, ಬಯಲಲ್ಲಿ ಓಡಾಡ್ಕೊಂಡಿದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ ಜಾಗ ಇಲ್ದಂಗಾಯ್ತು. ಹೊಸದಾಗಿ ನೀಲಗಿರಿ ನೆಡಬಾರ್ದು ಅಂತ ಸರ್ಕಾರದ ಆದೇಶ ಬರೋಹೊತ್ತಿಗೆ 2017. ಯಾರೂ ಕೆಟ್ಟದ್ದು ಮಾಡ್ಬೇಕು ಅಂತ ಹೊರಟಿದ್ದಲ್ಲ, ಸೌದೆಗೆ ಬರ ಇತ್ತು, ಹಸಿರು ಅಂದ್ರೆ ಮರ ಅಂತ ಎಲ್ರೂ ನಂಬಿದ್ರು. ಈಗಲೂ ನಂಬ್ತಾರೆ, ತೊಂದರೆ ಇರೋದೇ ಅಲ್ಲಿ.

ಚಳ್ಳಕೆರೆ ವಿಷಯ ಎಲ್ರಿಗೂ ಗೊತ್ತಿರೋದೇ. 2008ರಿಂದೀಚೆಗೆ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಹತ್ತಿರತ್ತಿರ ಹತ್ತು ಸಾವಿರ ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯ್ತು, ಭಾರತೀಯ ವಿಜ್ಞಾನ ಸಂಸ್ಥೆಗೇ 1,500 ಎಕರೆ. ಕಾಂಪೌಂಡ್ ಎದ್ವು, ಕುರಿ ಕಾಯೋರು, ಕಂಬಳಿ ನೇಯೋರು, ದೇವರ ಎತ್ತು ನೋಡ್ಕೊಳ್ಳೋ ಕಿಲಾರಿಗಳು ನಮ್ಮ ದನ ಎಲ್ಲಿ ಮೇಯ್ಬೇಕು ಅಂತ ಬೀದಿಗೆ ಬಂದ್ರು, ವಿಷಯ ಹಸಿರು ನ್ಯಾಯಮಂಡಳಿಗೆ ಹೋಗಿ 2014ರಲ್ಲಿ ತೀರ್ಪೂ ಬಂತು. ಅದರ ಒಳಹೊರಗು ಬರೆಯೋಕೆ ಬೇರೆ ಲೇಖನವೇ ಬೇಕು. ಇಲ್ಲಿಗೆ ಮುಖ್ಯ ಏನಂದ್ರೆ, ಕಾವಲು ಅನ್ನೋ ಪದ ಕೇಳೇ ಇರದ ಪೇಟೆ ಹುಡುಗರು ಮೊದಲ ಸಲ ಹುಲ್ಲುಗಾವಲಿನ ಬಗ್ಗೆ ಓದೋಕೆ ಶುರು ಮಾಡಿದ್ದು ಆಗ್ಲೇ.

ಇನ್ನು ಊರಂಚಿನ ಗುಡ್ಡಗಳ ಕತೆ, ನಾನು ಹತ್ತಿರದಿಂದ ನೋಡಿರೋದು ಇದನ್ನೇ. ಬೆಳಿಗ್ಗೆ ವಾಕಿಂಗ್ ಹೋಗೋರು, ರಿಟೈರ್ ಆದ ಮೇಷ್ಟ್ರುಗಳು, ಕಾಲೇಜು ಹುಡುಗ್ರು ಸೇರ್ಕೊಂಡು ಮೊದಲು ಮಾಡಿದ್ದು ಬಾಟಲಿ, ಪ್ಲಾಸ್ಟಿಕ್ ಆರಿಸೋ ಕೆಲಸ. ಆಮೇಲೆ ಸಸಿ ನೆಟ್ರು, ಬೇಸಿಗೇಲಿ ಬೈಕಲ್ಲಿ ಕ್ಯಾನು ಹೊತ್ಕೊಂಡು ಹೋಗಿ ನೀರು ಹಾಕಿದ್ರು. ಬಂಡೆ ಸಂದಿಯಲ್ಲಿ ಬೇರಿಗೆ ಜಾಗ ಇಲ್ಲ, ಬಹಳಷ್ಟು ಒಣಗಿದ್ವು. ಬೀಜದುಂಡೆ ಎಸೆದ್ರು, ಫೋಟೋ ಚೆನ್ನಾಗಿ ಬಂತು, ಉಂಡೆ ಬಿಸಿಲಿಗೆ ಕಲ್ಲಾಯ್ತು. ಗುಡ್ಡದಲ್ಲಿ ಕುರಿ ಬಿಡೋ ಹಿರಿಯರೊಬ್ರು ಇವರನ್ನ ಬಹಳ ದಿನ ಸುಮ್ನೆ ನೋಡ್ತಿದ್ದು ಒಂದಿನ ಕೇಳೇಬಿಟ್ರು, "ಅಲ್ರಪ್ಪಾ, ಇರೋ ಹುಲ್ಲು ಕಿತ್ತು ಗುಂಡಿ ತೋಡ್ತೀರಲ್ಲ, ಆ ಕಡೆ ಲಂಟಾನ ನುಂಗ್ತಾ ಐತೆ, ಅದು ನಿಮ್ ಕಣ್ಣಿಗೆ ಬೀಳಂಗಿಲ್ವಾ?" ಅಲ್ಲಿಂದ ಕೆಲಸದ ದಿಕ್ಕೇ ಬದಲಾಯ್ತು.

ಲಂಟಾನ ದಕ್ಷಿಣ ಅಮೆರಿಕ ಕಡೆಯ ಗಿಡ, ಹೂವಿನ ಅಂದಕ್ಕೆ ಅಂತ ಬ್ರಿಟಿಷರು ತಂದಿದ್ದು, ಈಗ ದೇಶದ ತುಂಬ. ಮಚ್ಚಿನಲ್ಲಿ ಮೇಲೆ ಕಡಿದ್ರೆ ಒಂದಕ್ಕೆ ಹತ್ತು ಚಿಗುರುತ್ತೆ. ಸರಿಯಾದ ಕ್ರಮ ಅಂದ್ರೆ ಬುಡದ ಸುತ್ತ ಗುದ್ದಲಿಯಿಂದ ಮಣ್ಣು ಸರಿಸ್ಬೇಕು, ಕಾಂಡ ಬೇರು ಸೇರೋ ಗಂಟು ಕಾಣ್ಬೇಕು, ಆ ಗಂಟಿನ ಕೆಳಗೆ ತಾಯಿಬೇರಿಗೆ ಪಿಕಾಸಿ ಹಾಕಿ ಕಡಿದು, ಇಡೀ ಪೊದೆ ಎತ್ತಿ ಬೇರು ಮೇಲೆ ಬರೋ ಹಾಗೆ ತಲೆಕೆಳಗು ಮಾಡಿ ಒಣಗೋಕೆ ಬಿಡ್ಬೇಕು. ಮಣ್ಣಿಗೆ ತಾಗಿದ್ರೆ ಕೊಂಬೆನೂ ಬೇರು ಬಿಡುತ್ತೆ, ಅದಕ್ಕೇ ತಲೆಕೆಳಗು. ಹಣ್ಣಾಗೋ ಮುಂಚೆ ಕಿತ್ರೆ ಒಳ್ಳೇದು, ಹಣ್ಣಾದ್ಮೇಲೆ ಹಕ್ಕಿ ತಿಂದು ಗುಡ್ಡದ ತುಂಬ ಬಿತ್ತುತ್ತೆ. ಬಳ್ಳಾರಿ ಜಾಲಿ ಇನ್ನೂ ಹಠಮಾರಿ, ಕಾಯಿ ತಿನ್ನೋ ಮೇಕೆ ಹಿಕ್ಕೆಯಲ್ಲೇ ಬೀಜ ಹರಡುತ್ತೆ, ಮರ ದೊಡ್ಡದಾದ್ರೆ ಕೈಯಲ್ಲಿ ಆಗೋ ಕೆಲಸ ಅಲ್ಲ, ಅದನ್ನ ಕಡಿದು ಇದ್ದಿಲು ಸುಟ್ಟು ಬದುಕೋ ಕುಟುಂಬಗಳೂ ಇವೆ, ಹಾಗಾಗಿ ಸುಮ್ನೆ ತೆಗೀರಿ ಅಂತ ಹೇಳೋಕೂ ಆಗಲ್ಲ. ಜೊತೆಗೆ ಇದೆಲ್ಲ ಅನುಮತಿ ತಗೊಂಡು ಮಾಡೋ ಕೆಲಸ, ರಿಸರ್ವ್ ಫಾರೆಸ್ಟ್ ಒಳಗೆ ಹೇಳದೆ ಕೇಳದೆ ಪಿಕಾಸಿ ಹಿಡ್ಕೊಂಡು ಹೋದ್ರೆ ಕೇಸ್ ಆಗುತ್ತೆ.

ಲಂಟಾನ ತೆಗೆದ ಜಾಗ ಖಾಲಿ ಬಿಟ್ರೆ ಮೊದಲ ಮಳೆಗೆ ಪಾರ್ಥೇನಿಯಂ ಬಂದು ಕೂರುತ್ತೆ. ಅಲ್ಲಿಗೆ ಹುಲ್ಲಿನ ಬೀಜ ಬೇಕು, ಅದು ಯಾವ ಅಂಗಡೀಲೂ ಸಿಗಲ್ಲ, ಗುಡ್ಡದಲ್ಲೇ ಆರಿಸ್ಬೇಕು. ದೀಪಾವಳಿ ಆದ್ಮೇಲೆ ಹುಲ್ಲು ಹಣ್ಣಾಗಿ ಹಳದಿ ತಿರುಗಿದಾಗ ತೆನೆ ಉಜ್ಜಿ ಬಿಡಿಸ್ಬೇಕು. ಪೊರಕೆ ಕಟ್ಟೋ ಹಂಚಿ ಹುಲ್ಲು, ಸೂರಿಗೆ ಹೊದಿಸ್ತಿದ್ದ ಬಾದೆ ಹುಲ್ಲು ಎಲ್ಲ ಹೀಗೇ. ಇನ್ನೊಂದು ಹುಲ್ಲಿದೆ, ನಡೆದ್ರೆ ಪ್ಯಾಂಟಿಗೆಲ್ಲ ಚುಚ್ಕೊಳ್ಳುತ್ತಲ್ಲ, ಅದರ ಬೀಜ ಒಂದು ಕೈಯಲ್ಲಿಟ್ಕೊಂಡು ನೋಡ್ಬೇಕು. ತುದಿ ಸೂಜಿ, ಹಿಂದೆ ಕಪ್ಪು ಬಾಲ, ಬಾಲ ಹಗ್ಗದ ಥರ ಹೊಸೆದಿರುತ್ತೆ. ಒಂದು ಹನಿ ನೀರು ಹಾಕಿದ್ರೆ ಆ ಹೊಸೆತ ಬಿಚ್ಚಿಕೊಳ್ತಾ ಅಂಗೈ ಮೇಲೇ ತಿರುಗೋಕೆ ಶುರುವಾಗುತ್ತೆ, ಒಣಗಿದ್ರೆ ಮತ್ತೆ ಸುತ್ತಿಕೊಳ್ಳುತ್ತೆ. ಹೀಗೆ ರಾತ್ರಿ ಇಬ್ಬನಿಗೆ ಒಂದು ಸುತ್ತು, ಹಗಲ ಬಿಸಿಲಿಗೆ ಇನ್ನೊಂದು ಸುತ್ತು ತಿರುಗಿ ತನ್ನನ್ನ ತಾನೇ ಮಣ್ಣಿಗೆ ಕೊರ್ಕೊಂಡು ಇಳಿಯುತ್ತೆ. ಇದಕ್ಕೆ ಗುಂಡಿನೂ ಬೇಡ, ನೀರಿನ ಕ್ಯಾನೂ ಬೇಡ. ಶಾಲೆ ಮಕ್ಕಳಿಗೆ ಇದನ್ನ ತೋರಿಸಿದ್ರೆ ಸಾಕು, ಆಮೇಲೆ ಅವರು ಆ ಹುಲ್ಲನ್ನ ಕಳೆ ಅನ್ನಲ್ಲ.

ಪೇಟೆ ಜನ ಸೇರ್ಕೊಂಡು ಹುಲ್ಲುಗಾವಲು ಉಳಿಸೋಕೆ ಹೊರಟಿದ್ದು ಇಲ್ಲೇ ಮೊದಲೇನಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪ್ರೇರಿ ಅನ್ನೋ ಹುಲ್ಲುಗಾವಲು ಎರಡು ಕೋಟಿ ಎಕರೆಗೂ ಜಾಸ್ತಿ ಇತ್ತು, ನೇಗಿಲು ಬಂದ್ಮೇಲೆ ಹಾಳಾಗ್ದೆ ಉಳಿದಿದ್ದು ಎರಡೂವರೆ ಸಾವಿರ ಎಕರೆ ಆಸುಪಾಸು, ಅದೂ ರೈಲು ಹಳಿ ಪಕ್ಕ, ಹಳೇ ಸ್ಮಶಾನಗಳಲ್ಲಿ. 1977ರಲ್ಲಿ ಚಿಕಾಗೋ ನಗರದ ನದಿ ಪಕ್ಕದ ತುಣುಕು ಜಾಗಗಳಲ್ಲಿ ಸ್ವಯಂಸೇವಕರು ರಜೆ ದಿನ ಸೇರಿ ಪೊದೆ ಕಡಿಯೋದು, ಬೀಜ ಆರಿಸೋದು, ತಿರುಗಿ ಬಿತ್ತೋದು ಶುರು ಮಾಡಿದ್ರು. ಹತ್ತಿಪ್ಪತ್ತು ವರ್ಷ ಚೆನ್ನಾಗೇ ನಡೀತು, 1996ರಲ್ಲಿ ಪಕ್ಕದ ಬಡಾವಣೆಯವರು ಕಾಡು ಉಳಿಸ್ತೀವಿ ಅಂದೋರು ಮರ ಯಾಕೆ ಕಡೀತಿದಾರೆ ಅಂತ ಎದ್ದು ನಿಂತು, ಸ್ಥಳೀಯ ಆಡಳಿತ ಕೆಲಸಾನೇ ತಡೆಹಿಡೀತು. ಆಮೇಲೆ ಒಂದೊಂದೇ ಜಾಗದಲ್ಲಿ ಜನರ ಜೊತೆ ಕೂತು ಮಾತಾಡಿ ಮತ್ತೆ ಶುರು ಮಾಡ್ಬೇಕಾಯ್ತು. ನಮ್ಮಲ್ಲಿ ಜೂನ್ ಬಂದಾಗ ಕೇಳೋ ಮಾತೂ ಹೆಚ್ಚುಕಮ್ಮಿ ಅದೇ.

ಹುಲ್ಲು ಬೇಕು ಅನ್ನೋರ ಒಳಗೂ ಒಮ್ಮತ ಇದೆ ಅಂತಲ್ಲ. ಬೆಂಕಿ ವಿಷಯ ತಗೊಳ್ಳಿ. ಶಿವರಾತ್ರಿ ಆಸುಪಾಸಿಗೆ ಗುಡ್ಡಕ್ಕೆ ಬೆಂಕಿ ಬಿದ್ರೆ ಸೊಪ್ಪಿನ ಗೊಂಚಲು ಹಿಡ್ಕೊಂಡು ಆರಿಸೋಕೆ ಓಡೋದು ಇದೇ ಸ್ವಯಂಸೇವಕರು. ಚಿಕಾಗೋದವರು ಬೇಕಂತಲೇ ಲೆಕ್ಕಾಚಾರದಲ್ಲಿ ಬೆಂಕಿ ಇಡ್ತಾರೆ, ಆದ್ರೆ ಇಲ್ಲಿ ಊರು ಪಕ್ಕದಲ್ಲೇ ಇದೆ, ಲಂಟಾನ ಒಣಗಿ ನಿಂತಿದೆ, ಯಾರೂ ಆ ಧೈರ್ಯ ಮಾಡಲ್ಲ, ಮಾಡ್ಬಾರ್ದು ಅಂತಲೇ ನನಗೂ ಅನ್ಸೋದು. ಮೇಯಿಸೋದ್ರ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಕುರಿ ಪೂರ್ತಿ ನಿಲ್ಲಿಸಿ ಬೇಲಿ ಹಾಕಿ ಅನ್ನೋರಿದಾರೆ, ಅದು ಆಗದ ಮಾತು, ಸರಿನೂ ಅಲ್ಲ. ಮೇಯಿಸದೇ ಬಿಟ್ರೆ ಹಳೇ ಹುಲ್ಲು ಮುಸುಕು ಹಾಕ್ಕೊಂಡು ಹೊಸದು ಏಳಲ್ಲ, ಬೆಂಕಿಗೂ ಮೇವು ಜಾಸ್ತಿ. ಬೀಜ ಉದುರೋವರೆಗೆ ಒಂದು ಮಗ್ಗಲು ಬಿಟ್ಟು ಇನ್ನೊಂದು ಮಗ್ಗಲು ಮೇಯಿಸಿ ಅಂತ ಕುರಿಯವರ ಹತ್ರ ಕೂತು ಮಾತಾಡಿದ್ರೆ ಒಪ್ತಾರೆ, ಕಾವಲು ಪದ್ಧತಿ ಅವರ ತಾತಂದಿರು ಕಂಡಿದ್ದೇ ಅಲ್ವಾ. ಒಪ್ಪದೇ ಇರೋದು ಜೆಸಿಬಿ. ನೀರು ಇಂಗಿಸ್ತೀವಿ ಅಂತ ಗುಡ್ಡಕ್ಕೆ ಅಡ್ಡಡ್ಡ ಟ್ರೆಂಚ್ ಹೊಡೆದ್ರೆ ಹುಲ್ಲಿನ ಬುಡನೇ ಎದ್ದು ಹೋಗುತ್ತೆ, ಆ ಕೆದರಿದ ಮಣ್ಣಲ್ಲಿ ಮೊದಲು ಬರೋದು ಲಂಟಾನ, ಪಾರ್ಥೇನಿಯಂ. ಹುಲ್ಲೇ ನೀರು ಹಿಡಿಯುತ್ತೆ ಅಂತ ಹೇಳಿದ್ರೆ ಫೈಲಲ್ಲಿ ಅದಕ್ಕೆ ಕಾಲಂ ಇಲ್ಲ. ನೆಟ್ಟ ಸಸಿ ಎಷ್ಟು, ತೋಡಿದ ಗುಂಡಿ ಎಷ್ಟು ಅನ್ನೋಕೆ ಇದೆ.

ಸರ್ಕಾರದ ಕಡೆಯಿಂದ ಒಳ್ಳೇದು ಆಗಿಲ್ಲ ಅಂತ ಹೇಳೋಕಾಗಲ್ಲ. ಜಗಳೂರಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿ ವನ್ಯಧಾಮ ಆಯ್ತು, ಕೊಂಡುಕುರಿ ಅಂದ್ರೆ ನಾಲ್ಕು ಕೊಂಬಿನ, ಜಿಂಕೆ ಥರದ ಪ್ರಾಣಿ, ಹುಲ್ಲು, ಕುರುಚಲು ಎರಡೂ ಬೇಕು ಅದಕ್ಕೆ. ಇಲ್ಲಿ ಜೋಗಿಮಟ್ಟಿನೂ 2015ರಲ್ಲಿ ವನ್ಯಜೀವಿಧಾಮ ಆಯ್ತು. ಆದ್ರೆ ಇಂಥ ಹೆಸರು ಸಿಗದ ಸಣ್ಣ ಗುಡ್ಡ, ಗೋಮಾಳ, ಲೇಔಟ್ ಪಕ್ಕದ ಬಯಲು ಇವೆಯಲ್ಲ, ಜಗಳ ನಡೀತಿರೋದು ಅಲ್ಲಿ, ಶ್ರಮದಾನ ನಡೀತಿರೋದೂ ಅಲ್ಲೇ.

ಈಗ ಎರಡೂ ಕಡೆಯವರ ಮುಂದೆ ಒಂದು ಮಧ್ಯದ ದಾರಿ ಇದೆ. ಹಳ್ಳದ ದಂಡೆ, ಗುಡ್ಡದ ಬುಡ, ಶಾಲೆ ಕಾಂಪೌಂಡ್, ಅಂದ್ರೆ ಮಣ್ಣು ಆಳ ಇರೋ ಕಡೆ ಹೊಂಗೆ, ಬೇವು, ಕಮರ ನೆಡೋದು, ಇಳಿಜಾರು ಮತ್ತು ನೆತ್ತಿಯ ಬಯಲು ಹುಲ್ಲಿಗೆ ಬಿಡೋದು. ಸಸಿ ನೆಡೋ ಹುಮ್ಮಸ್ಸಿನ ಮಕ್ಕಳಿಗೂ ಕೆಲಸ ಸಿಗುತ್ತೆ, ನೆಲಗುಬ್ಬಿಗೂ ಜಾಗ ಉಳಿಯುತ್ತೆ. ಬರೋ ಜೂನ್‌ಗೆ ಮುಂಚೆ ಯಾವ ಗುಡ್ಡದಲ್ಲಿ ಎಲ್ಲಿವರೆಗೆ ಹುಲ್ಲಿದೆ ಅಂತ ನಡೆದು ಗುರುತು ಮಾಡಿ ನಕ್ಷೆ ಕೊಟ್ರೆ ಮಾತುಕತೆ ಸಲೀಸು, ಅದಕ್ಕೂ ಜನ ಬೇಕು. ಬೀಜ ಆರಿಸೋ ಕೆಲಸ ಕಾರ್ತಿಕದಲ್ಲಿ, ಬರೋರು ತುಂಬು ತೋಳಿನ ಅಂಗಿ, ದಪ್ಪ ಪ್ಯಾಂಟ್, ಶೂ ಹಾಕ್ಕೊಂಡು ಬನ್ನಿ, ಮನೇಲಿರೋ ಹಳೇ ದಿಂಬಿನ ಕವರ್ ತನ್ನಿ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ್ರೆ ಬೀಜ ಬೆವರಿ ಬೂಷ್ಟು ಹಿಡಿಯುತ್ತೆ.