ಅನುಚರ ಬಲಿ: ಗೋರಿಯಲ್ಲಿ ಕಾಣುವ ಅಧಿಕಾರ

ಒಡೆಯ ಸತ್ತಾಗ ಅವನ ಊಳಿಗದವರನ್ನೂ ಕೊಂದು ಜೊತೆಯಲ್ಲೇ ಹೂಳುವ ಪದ್ಧತಿಯನ್ನು ಅನುಚರ ಬಲಿ ಎನ್ನಬಹುದು. ದೇವರಿಗೆ ಕೊಡುವ ನರಬಲಿಯಲ್ಲಿ ಸಾಯುವವನು ಹೆಚ್ಚಾಗಿ ಸೆರೆಯಾಳು, ಹೊರಗಿನವನು. ಇಲ್ಲಿ ಸಾಯುವವರು ಅರಮನೆಯ ಒಳಗಿನವರೇ: ಕಾವಲಿನವನು, ಗಾಡಿ ಹೊಡೆಯುವವನು, ವಾದ್ಯ ನುಡಿಸುವವಳು, ಸಖಿ. ಪ್ರಾಚೀನ ನಗರಗಳನ್ನು ಯಾರು ಆಳುತ್ತಿದ್ದರು, ಅವರ ಮಾತು ಎಲ್ಲಿಯವರೆಗೆ ನಡೆಯುತ್ತಿತ್ತು ಎಂದು ಕೇಳುವ ಪುರಾತತ್ತ್ವಜ್ಞರಿಗೆ ಇಂಥ ಗೋರಿಗಳು ಬಹಳ ಮುಖ್ಯ. ಚಿನ್ನವನ್ನು ಶ್ರೀಮಂತ ವರ್ತಕನೂ ಹೂಳಿಸಿಕೊಳ್ಳಬಲ್ಲ. ಇನ್ನೊಬ್ಬರ ಜೀವವನ್ನು ತನ್ನ ಗೋರಿಗೆ ಕರೆಸಿಕೊಳ್ಳುವುದು ಹಣದಿಂದ ಮಾತ್ರ ಆಗುವ ಕೆಲಸವಲ್ಲ.

ಇದಕ್ಕೆ ಹೆಸರಾಂತ ಉದಾಹರಣೆ ಇಂದಿನ ಇರಾಕಿನ ದಕ್ಷಿಣದಲ್ಲಿರುವ ಸುಮೇರಿಯನ್ನರ ಊರ್ ನಗರ. ಬ್ರಿಟಿಷ್ ಪುರಾತತ್ತ್ವಜ್ಞ ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಅಲ್ಲಿ ಉತ್ಖನನ ನಡೆಸಿದರು. ಕ್ರಿ.ಪೂ. 2600ರ ಸುಮಾರಿನಿಂದ ಬಳಕೆಯಲ್ಲಿದ್ದ ಸ್ಮಶಾನದಲ್ಲಿ ಅವರಿಗೆ ಸಿಕ್ಕ ಗೋರಿಗಳು ಹತ್ತಿರ ಹತ್ತಿರ ಎರಡು ಸಾವಿರ. ಅವುಗಳಲ್ಲಿ 16ನ್ನು ಮಾತ್ರ ಅವರು ರಾಜಗೋರಿ ಎಂದರು. ಅವರು ನೋಡಿದ್ದು ಬಂಗಾರದ ತೂಕವನ್ನಲ್ಲ. ಕಟ್ಟಿದ ಕೋಣೆ ಮತ್ತು ಜೊತೆಗೆ ಸತ್ತವರ ಗುಂಪನ್ನು.

ವೂಲಿ ‘ಮಹಾ ಮರಣಗುಂಡಿ’ ಎಂದು ಕರೆದ 1237ನೆಯ ಗೋರಿಯಲ್ಲಿ 74 ಶವಗಳಿದ್ದವು. ಆರು ಗಂಡಸರು, 68 ಹೆಂಗಸರು. ಹೆಂಗಸರು ಸಾಲಾಗಿ ಮಲಗಿದ್ದರು. ತಲೆಗೆ ಚಿನ್ನದ ಇಲ್ಲವೇ ಬೆಳ್ಳಿಯ ಪಟ್ಟಿ, ಕೊರಳಲ್ಲಿ ಅಫ್ಘಾನಿಸ್ತಾನದ ಕಡೆಯಿಂದ ಬಂದ ನೀಲಿ ಲಾಪಿಸ್ ಲಾಜುಲಿ ಮಣಿಗಳು. ಒಬ್ಬಳ ಬೆಳ್ಳಿ ಪಟ್ಟಿ ಮಾತ್ರ ತಲೆಯ ಮೇಲಿರಲಿಲ್ಲ. ಸುತ್ತಿದ ಸುರುಳಿ ಹಾಗೆಯೇ ಅವಳ ಸೊಂಟದ ಬಳಿ ಸಿಕ್ಕಿತು. ತಡವಾಗಿ ಹೊರಟಿರಬೇಕು, ಕಟ್ಟಿಕೊಳ್ಳಲು ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ ಎಂಬುದು ವೂಲಿಯ ಊಹೆ.

ಅವರೆಲ್ಲ ತಾವಾಗಿಯೇ ವಿಷ ಕುಡಿದು ಶಾಂತವಾಗಿ ಮಲಗಿದರು ಎಂದೂ ವೂಲಿ ನಂಬಿದ್ದರು. ಶವಗಳ ಬಳಿ ಬಟ್ಟಲುಗಳಿದ್ದವು, ಉಡುಗೆ ಕೆದರಿರಲಿಲ್ಲ. ಒಡೆಯನಿಗಾಗಿ ನಗುತ್ತಾ ಸಾಯುವ ಸೇವಕರ ಈ ಕಥೆಯನ್ನು ಎಂಟು ದಶಕಗಳಷ್ಟು ಕಾಲ ಜನ ಒಪ್ಪಿಕೊಂಡರು. ಕೊನೆಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದ್ದ ಎರಡು ತಲೆಬುರುಡೆಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿದರು. ಒಂದು 1237ನೆಯ ಗೋರಿಯ ಹೆಂಗಸಿನದು, ಇನ್ನೊಂದು 789ನೆಯ ಗೋರಿಯ ಸೈನಿಕನದು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಇಬ್ಬರ ತಲೆಗೂ ಮೊನಚಾದ ಆಯುಧದ ಪೆಟ್ಟು ಬಿದ್ದಿತ್ತು. ಶವಗಳಿಗೆ ಶಾಖ ಕೊಟ್ಟ, ಪಾದರಸ ಬಳಿದ ಗುರುತುಗಳೂ ಇದ್ದವು. ಅಂದರೆ ಕೊಂದ ಮೇಲೆ ಹೆಣ ಕೆಡದಂತೆ ಕಾಪಾಡಿ, ಸಿಂಗರಿಸಿ, ಸಾಲಾಗಿ ಮಲಗಿಸಿದ್ದಾರೆ. ಎರಡು ಬುರುಡೆಗಳಿಂದ ಎಲ್ಲರ ಸಾವನ್ನೂ ಹೇಳಲಾಗದು, ನಿಜ. ಆದರೂ ವೂಲಿ ಕಂಡ ಆ ಶಾಂತಿಯನ್ನು ಯಾರೋ ಕೂತು ಜೋಡಿಸಿದ್ದರು ಎಂಬುದು ಈಗ ಸ್ಪಷ್ಟ.

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಗೋರಿಯ ಏರ್ಪಾಡು ಸತ್ತವನದಲ್ಲ, ಉಳಿದವರದು. ಊರಿನ ಜನ ನೋಡುತ್ತಿರುವಾಗ ಇಷ್ಟು ಜೀವ, ಇಷ್ಟು ಚಿನ್ನವನ್ನು ಮಣ್ಣಿಗೆ ಹಾಕಿದವನು ಮುಂದೆ ಪಟ್ಟಕ್ಕೆ ಬರಬೇಕಾದವನು. ಹಳೆಯ ದೊರೆಯ ಆಪ್ತರನ್ನೇ ಇಲ್ಲವಾಗಿಸಿದರೆ ಹೊಸಬನಿಗೆ ಅನುಕೂಲವೂ ಇತ್ತು ಎಂದು ಅನುಮಾನಿಸಬಹುದು. ಊರ್‌ನಲ್ಲಿ ಈ ಪದ್ಧತಿ ಕೆಲವು ತಲೆಮಾರು ನಡೆದು ನಿಂತುಹೋಯಿತು. ಈಜಿಪ್ಟಿನ ಅಬೈಡೋಸ್‌ನಲ್ಲೂ ಹೀಗೆಯೇ: ಮೊದಲ ರಾಜವಂಶದ ಜೆರ್ ದೊರೆಯ ಗೋರಿಯ ಸುತ್ತ ಅನುಚರರ ಮುನ್ನೂರಕ್ಕೂ ಹೆಚ್ಚು ಕಿರುಗೋರಿಗಳಿದ್ದರೆ, ಅದೇ ವಂಶದ ಕೊನೆಯ ಕಾಆ ದೊರೆಯ ಹೊತ್ತಿಗೆ ಅವು ಮೂವತ್ತರೊಳಗೆ ಇಳಿದಿದ್ದವು. ದೈತ್ಯ ಪಿರಮಿಡ್ ಕಟ್ಟಿಸಿದ ಬಲಿಷ್ಠ ಫೇರೋಗಳು ಬಂದದ್ದು ಆಮೇಲೆ. ಹಾಗಾಗಿ ಗುಂಡಿಯಲ್ಲಿ ಹೆಣ ಹೆಚ್ಚಿದಷ್ಟೂ ರಾಜ್ಯ ಗಟ್ಟಿ ಎಂದುಕೊಂಡರೆ ತಪ್ಪಾಗುತ್ತದೆ. ಪಟ್ಟ ಇನ್ನೂ ಹೊಸದಾಗಿ, ಅಲುಗಾಡುತ್ತಿದ್ದಾಗಲೇ ಇಂಥ ಪ್ರದರ್ಶನದ ಅಗತ್ಯ ಹೆಚ್ಚು.

ಬರೀ ಸಂಪತ್ತು ನೋಡಿದರೂ ಲೆಕ್ಕ ತಪ್ಪುತ್ತದೆ. ಊರ್‌ನ 755ನೆಯ ಗೋರಿಯಲ್ಲಿ ಕೂದಲ ಎಳೆಗಳನ್ನೂ ಕಿವಿಗಳನ್ನೂ ಬಿಡಿಸಿದ ಚಿನ್ನದ ಶಿರಸ್ತ್ರಾಣ ಸಿಕ್ಕಿತು. ಪಾತ್ರೆಗಳ ಮೇಲೆ ಮೆಸ್ಕಲಂದುಗ್ ಎಂಬ ಹೆಸರಿದೆ, ರಾಜನೆಂಬ ಬಿರುದಿಲ್ಲ. ಕಟ್ಟಿದ ಕೋಣೆಯೂ ಇಲ್ಲ, ಜೊತೆಗೆ ಸತ್ತ ಅನುಚರರೂ ಇಲ್ಲ. ಬೇರೊಂದು ಗೋರಿಯ ಮುದ್ರೆಯಲ್ಲಿ ಅದೇ ಹೆಸರಿನ ಮುಂದೆ ರಾಜನೆಂದಿದೆ. ಇಬ್ಬರೂ ಒಬ್ಬನೇ ಎಂಬುದು ಇನ್ನೂ ಚರ್ಚೆಯಲ್ಲಿದೆ. ಇನ್ನು ಊರ್‌ನ ರಾಜಗೋರಿಯೊಂದರಲ್ಲಿ ಸಿಕ್ಕ ರಾಣಿ ಪುಆಬಿಯ ಮುದ್ರೆಯಲ್ಲಿ ಅವಳ ಹೆಸರು, ಪದವಿ ಎರಡೂ ಇದ್ದು ಗಂಡನ ಹೆಸರೇ ಇಲ್ಲ. ಅವಳು ಸ್ವಂತ ಅಧಿಕಾರದಿಂದಲೇ ಒಡತಿಯಾಗಿದ್ದಳು ಎಂದು ಕೆಲವರು ವಾದಿಸುವುದು ಇದರ ಬಲದಿಂದ.

ಕನ್ನಡ ಶಾಸನಗಳನ್ನು ಬಲ್ಲವರಿಗೆ ಇಷ್ಟರಲ್ಲಿ ‘ಕೀಳ್ಗುಂಟೆ’, ಅಂದರೆ ಒಡೆಯನೊಂದಿಗೆ ಸಾಯುವ ಸೇವಕನನ್ನು ಅವನ ಗೋರಿಯಲ್ಲೇ ಹೂಳುವ ಪದ್ಧತಿ, ನೆನಪಾಗಿರಬಹುದು. ತಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ಸಿಕ್ಕ 9ನೆಯ ಶತಮಾನದ ಕಲ್ಲು, ಗಂಗರ ನೀತಿಮಾರ್ಗ ತೀರಿಕೊಂಡಾಗ ಅಗರಯ್ಯನೆಂಬ ಸೇವಕ ಕೀಳ್ಗುಂಟೆಯಾದನೆಂದು ಹೇಳುತ್ತದೆ. ಮಲಗಿರುವ ದೊರೆ, ಅವನಿಗೆ ಆಸರೆಯಾಗಿ ಅಗರಯ್ಯ, ಪಕ್ಕದಲ್ಲಿ ನಿಂತ ರಾಜಕುಮಾರ ಎಲ್ಲರೂ ಆ ಕಲ್ಲಿನಲ್ಲಿದ್ದಾರೆ. ಉತ್ತರಾಧಿಕಾರಿ ಚಿತ್ರದೊಳಗೇ ಇರುವುದನ್ನು ಗಮನಿಸಿ. ಒಂದು ವ್ಯತ್ಯಾಸವಂತೂ ದೊಡ್ಡದು: ಅಗರಯ್ಯನಿಗೆ ಹೆಸರಿದೆ, ಕಲ್ಲಿದೆ, ಊರ್‌ನ ಆ 74 ಮಂದಿಗೆ ಎರಡೂ ಇಲ್ಲ.

ಹರಪ್ಪಾ, ಮೊಹೆಂಜೊದಾರೊಗಳಲ್ಲಿ ಇಂಥ ಗೋರಿ ಒಂದೂ ಸಿಕ್ಕಿಲ್ಲ. ಹರಪ್ಪಾದ ಸ್ಮಶಾನದಲ್ಲಿ ಕಂಡದ್ದು ಮಡಕೆಗಳು, ಒಂದಷ್ಟು ಮಣಿ, ಶಂಖದ ಬಳೆ. ಆದ್ದರಿಂದ ಅಲ್ಲಿ ರಾಜರೇ ಇರಲಿಲ್ಲ ಎನ್ನುವವರಿದ್ದಾರೆ. ನನಗೆ ಅದು ಅವಸರದ ತೀರ್ಮಾನವೆನಿಸುತ್ತದೆ. ಅಷ್ಟು ದೊಡ್ಡ ನಗರಗಳಲ್ಲಿ ಸತ್ತವರ ಲೆಕ್ಕಕ್ಕೆ ಸಿಕ್ಕಿರುವ ಗೋರಿಗಳು ತೀರಾ ಕಡಿಮೆ. ಆಳುವವರು ಇದ್ದಿರಬಹುದು, ತಮ್ಮ ದೊಡ್ಡಸ್ತಿಕೆಯನ್ನು ಸಾವಿನಲ್ಲಿ ತೋರಿಸುವ ರೂಢಿ ಇಟ್ಟುಕೊಂಡಿರಲಿಕ್ಕಿಲ್ಲ.